ಲಾಲಾರಸ ಹಾಕಿದ ಪ್ರನಾಳವೂ ನೀಲಿಯಾಯಿತು, ಎಲ್ಲಿ ತಪ್ಪಿದ್ದೇನೆ?

ಬಯಲುಸೀಮೆ ಟೀಚರ್ (ಪ್ರಶ್ನೆ)

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೆಯ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ ಬರುವ ಲಾಲಾರಸದ ಪ್ರಯೋಗವನ್ನು ಮೊನ್ನೆ ಗುರುವಾರ ಮಾಡಿಸಿದೆ. ಅಯೋಡಿನ್ ತಾಗಿದರೆ ಪಿಷ್ಟ ನೀಲಿಯಾಗುತ್ತದೆ, ಲಾಲಾರಸ ಪಿಷ್ಟವನ್ನು ಒಡೆಯುವುದರಿಂದ ಅದನ್ನು ಹಾಕಿದ ಪ್ರನಾಳ ನೀಲಿಯಾಗಬಾರದು. ಅದು ಕೈಕೊಟ್ಟಿತು. ಯಾಕೆ ಎಂದು ಆವತ್ತಿನಿಂದ ತಲೆ ಕೆಡಿಸಿಕೊಂಡಿದ್ದೇನೆ. ಇದನ್ನು ಕೈಯಾರೆ ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಮ್ಮಲ್ಲಿ ಪಿಷ್ಟದ ಪುಡಿ ಇರಲಿಲ್ಲ. ಊಟದ ಗಂಟೆಗೆ ಮುಂಚಿನ ಅವಧಿ ನನ್ನದು. ಹಾಗಾಗಿ ಬಿಸಿಯೂಟದ ಅಡುಗೆಮನೆಯಿಂದ ಅನ್ನ ಬಸಿದ ಗಂಜಿಯನ್ನು ಒಂದು ಚೊಂಬಿನಲ್ಲಿ ತರಿಸಿದೆ. ಒಳ್ಳೆಯ ಗಂಜಿ, ಬೆರಳಿಗೆ ಅಂಟುವಷ್ಟು ಮಂದವಾಗಿತ್ತು. ಮಕ್ಕಳನ್ನು ಐದು ಗುಂಪು ಮಾಡಿ ಗುಂಪಿಗೆ ಎರಡು ಪ್ರನಾಳ ಕೊಟ್ಟೆ. ಎರಡಕ್ಕೂ ಕಾಲು ಭಾಗ ಗಂಜಿ. ಒಂದಕ್ಕೆ ಲಾಲಾರಸ, ಅಂದಾಜು ಒಂದು ಮಿಲಿಲೀಟರ್. ಇನ್ನೊಂದಕ್ಕೆ ಅಷ್ಟೇ ನೀರು. ಇಪ್ಪತ್ತು ನಿಮಿಷ ಕಾದೆವು. ಆಮೇಲೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿದ್ದ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಆರೇಳು ಹನಿ ಬಿಟ್ಟೆವು. ಹತ್ತಕ್ಕೆ ಹತ್ತೂ ಪ್ರನಾಳಗಳು ಶಾಯಿ ಸುರಿದ ಹಾಗೆ ಕಡುನೀಲಿಯಾದವು.

ಇಲ್ಲಿ ಇನ್ನೊಂದು ವಿಷಯ ಹೇಳದೆ ಇರಲಾರೆ. ಲಾಲಾರಸ ಕೊಡಲು ಮೊದಲು ಯಾರೂ ಮುಂದೆ ಬರಲಿಲ್ಲ. ಪುಸ್ತಕದಲ್ಲಿ ಓದುವಾಗ ಅದು ಲಾಲಾರಸ, ಗಾಜಿಗೆ ಹಾಕುವಾಗ ಎಂಜಲು. "ಎಂಜಲನ್ನು ಶಾಲೆಯ ಸಾಮಾನಿಗೆ ಹಾಕಬಹುದೇ ಟೀಚರ್?" ಎಂದು ಒಬ್ಬ ಕೇಳಿದ. ಯಾರ ಎಂಜಲು, ಅದನ್ನು ಯಾರು ತೊಳೆಯಬೇಕು ಎಂಬ ಲೆಕ್ಕಾಚಾರ ಆ ವಯಸ್ಸಿಗಾಗಲೇ ಮಕ್ಕಳ ಮನಸ್ಸಿನಲ್ಲಿ ಕೂತಿರುತ್ತದೆ, ಅದು ನನಗೆ ಗೊತ್ತು. ನಾನೇ ಮೊದಲು ಒಂದು ಪ್ರನಾಳಕ್ಕೆ ನನ್ನ ಲಾಲಾರಸ ಹಾಕಿ, ನಾನೇ ತೊಳೆದು ತೋರಿಸಿದೆ. ಆಗ ಎರಡನೆಯ ಬೆಂಚಿನ ಒಬ್ಬ ಹುಡುಗಿ ಎದ್ದು ಬಂದಳು. ತರಗತಿಯಲ್ಲಿ ಬಾಯಿ ಬಿಡದ ಮಗು. ನಮ್ಮಲ್ಲಿ ಸ್ಟ್ಯಾಂಡ್ ಇರುವುದು ಒಂದೇ. ಅವಳು ತನ್ನ ಪ್ರನಾಳವನ್ನು ದುಪಟ್ಟಾದ ಅಂಚಿನಲ್ಲಿ ಸುತ್ತಿ ಹಿಡಿದುಕೊಂಡು, ಅಷ್ಟು ಹೊತ್ತೂ ಅದರ ಮೇಲಿನ ಕಣ್ಣು ಕೀಳದೆ ನಿಂತಿದ್ದಳು. ನೀಲಿ ಬಣ್ಣ ಬಂದಾಗ ತೀರಾ ಮೆಲ್ಲಗೆ, "ನನ್ನ ಎಂಜಲಿನಲ್ಲಿ ಏನೂ ಇಲ್ಲವೇ ಟೀಚರ್?" ಎಂದಳು.

"ಉತ್ತರ ಪುಸ್ತಕದಲ್ಲಿದೆಯಲ್ಲ, ರೆಕಾರ್ಡಿನಲ್ಲಿ ಅದನ್ನೇ ಬರೆಸಿ ಮುಂದಿನ ಪಾಠಕ್ಕೆ ಹೋಗಿ" ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ನನಗೆ ಅದು ಸಾಧ್ಯವಿಲ್ಲ. ಮಕ್ಕಳು ಕಂಡದ್ದು ನೀಲಿ. ರೆಕಾರ್ಡಿನಲ್ಲಿ ನೀಲಿ ಎಂದೇ ಬರೆಸಿ, ತಾರೀಖು ಹಾಕಿಸಿ, ಕೆಳಗೆ ಅರ್ಧ ಪುಟ ಖಾಲಿ ಬಿಡಿಸಿದ್ದೇನೆ. ಆ ಖಾಲಿ ಜಾಗ ತುಂಬಬೇಕು.

ಪೊವಿಡೋನ್ ಅಯೋಡಿನ್ ಈ ಕೆಲಸಕ್ಕೆ ಆಗುವುದಿಲ್ಲವೇ? ಇಪ್ಪತ್ತು ನಿಮಿಷ ಸಾಲದೇ? ಆ ದಿನ ಬಿಡುವಿನಲ್ಲಿ ಬಹಳ ಮಕ್ಕಳು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದಿದ್ದರು, ಅದೇನಾದರೂ ಕಾರಣವೇ?


ಮಲೆನಾಡಿನ ಮೇಷ್ಟರು

ಮೇಡಂ, ಗಂಜಿ ವಿಪರೀತ ಮಂದವಾಯಿತು. ಪುಸ್ತಕ ಹೇಳುವುದು ಶೇಕಡಾ 1ರ ದ್ರಾವಣ, ಅಂದರೆ ನೂರು ಮಿಲಿಲೀಟರ್ ನೀರಿಗೆ ಒಂದು ಗ್ರಾಂ ಪಿಷ್ಟ. ಬೆರಳಿಗೆ ಅಂಟುವ ಗಂಜಿಯಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ. ಒಂದು ಸಣ್ಣ ಚಮಚ ಅಕ್ಕಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಕುದಿಯುವ ನೀರು ಮುನ್ನೂರು ಮಿಲಿಲೀಟರಿಗೆ ಹುಯ್ದು ಒಂದು ಕುದಿ ಬರಿಸಿ ಆರಿಸಿಕೊಳ್ಳಿ. ಮೇಲಿನ ತಿಳಿ ಸಾಕು.

ಇನ್ನೊಂದು ಮಾತು: ಅಯೋಡಿನ್ನನ್ನು ಪ್ರನಾಳದೊಳಗೆ ಸುರಿಯಬೇಡಿ. ಸುರಿದರೆ ಒಂದೇ ಸಲಕ್ಕೆ ಪ್ರಯೋಗ ಮುಗಿದುಹೋಗುತ್ತದೆ, ನಡುವೆ ಏನಾಯಿತು ಎಂಬುದು ಯಾರಿಗೂ ಕಾಣುವುದಿಲ್ಲ. ಬಿಳಿ ಟೈಲ್ಸ್ ತುಂಡಿನ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಡಿ. ನಿಮಿಷಕ್ಕೊಮ್ಮೆ ಪ್ರನಾಳದಿಂದ ಒಂದು ಹನಿ ತೆಗೆದು ಒಂದೊಂದಕ್ಕೆ ಸೇರಿಸುತ್ತಾ ಹೋಗಿ. ನಾನು ಹಾಗೆಯೇ ಮಾಡಿಸುವುದು, ಕೊನೆಯ ಬೆಂಚಿನವರೂ ಎದ್ದು ಬಂದು ಬಗ್ಗಿ ನೋಡುತ್ತಾರೆ.


ನಿವೃತ್ತ ಲ್ಯಾಬ್ ತಂತ್ರಜ್ಞ

ನಮಸ್ಕಾರ ಮೇಡಂ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ರಕ್ತ, ಮೂತ್ರ, ಕಫಗಳ ಜೊತೆ ಕೆಲಸ ಮಾಡಿದವನು ನಾನು. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೇಷ್ಟರು ಹೇಳಿದ್ದು ಸರಿ, ಆದರೆ ಮುಖ್ಯ ಕಾರಣ ಆ ಹುಡುಗಿಯ ದುಪಟ್ಟಾದಲ್ಲಿದೆ. ಅವಳು ಪ್ರನಾಳವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದದ್ದು ಯಾಕೆ? ಬರಿಗೈಯಲ್ಲಿ ಹಿಡಿಯಲಾಗದಷ್ಟು ಸುಡುತ್ತಿತ್ತು. ಒಲೆಯಿಂದ ಇಳಿದ ಗಂಜಿಗೆ ಲಾಲಾರಸ ಹಾಕಿದ್ದೀರಿ.

ಲಾಲಾರಸದಲ್ಲಿರುವ ಅಮೈಲೇಸ್ ಒಂದು ಕಿಣ್ವ, ಕಿಣ್ವವೆಂದರೆ ಪ್ರೋಟೀನ್. ನಮ್ಮ ಮೈಯ ಶಾಖ, ಅಂದರೆ 37 ಡಿಗ್ರಿಯ ಆಸುಪಾಸು, ಅದಕ್ಕೆ ಹಿತ. 60 ಡಿಗ್ರಿ ದಾಟಿತೆಂದರೆ ಅದರ ಮಡಿಕೆಗಳೆಲ್ಲ ಬಿಚ್ಚಿಹೋಗಿ ಕೆಲವೇ ನಿಮಿಷಗಳಲ್ಲಿ ನಿಷ್ಪ್ರಯೋಜಕವಾಗುತ್ತದೆ. ಬೆಂದ ಮೊಟ್ಟೆಯ ಬಿಳಿಭಾಗ ಆರಿದ ಮೇಲೆ ಮತ್ತೆ ನೀರಾಗುವುದಿಲ್ಲವಲ್ಲ, ಹಾಗೆಯೇ ಇದೂ. ಇಪ್ಪತ್ತು ನಿಮಿಷ ಅಲ್ಲ, ಇಪ್ಪತ್ತು ಗಂಟೆ ಕಾದಿದ್ದರೂ ನೀಲಿಯೇ ಬರುತ್ತಿತ್ತು. ತಣ್ಣಗಿದ್ದರೆ ಮಾತು ಬೇರೆ. ಕೆಲಸ ನಿಧಾನವಾಗುತ್ತದೆ, ಬೆಚ್ಚಗಾದ ಕೂಡಲೇ ಮತ್ತೆ ಶುರುವಾಗುತ್ತದೆ.

ಪೊವಿಡೋನ್ ಅಯೋಡಿನ್ ಧಾರಾಳವಾಗಿ ಆಗುತ್ತದೆ. ಆದರೆ ಬಾಟಲಿಯಿಂದ ನೇರವಾಗಿ ಹಾಕಬೇಡಿ, ತೆಳುವಾದ ಚಹಾದ ಬಣ್ಣ ಬರುವವರೆಗೆ ನೀರು ಬೆರೆಸಿ. ನೀಲಿ ಬಣ್ಣ ಬರುವುದು ಹೇಗೆಂದು ಮಕ್ಕಳಿಗೆ ಹೇಳಿ: ಪಿಷ್ಟವೆಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ, ಅದು ಸುರುಳಿ ಸುತ್ತಿಕೊಂಡಿರುತ್ತದೆ. ಅಯೋಡಿನ್ ಆ ಸುರುಳಿಯ ಒಳಗೆ ಹೋಗಿ ಕೂತಾಗ ನೀಲಿ. ಅಮೈಲೇಸ್ ಸರಪಳಿಯನ್ನು ಕಡಿಯುತ್ತಾ ಹೋದ ಹಾಗೆ ಸುರುಳಿ ಗಿಡ್ಡವಾಗುತ್ತದೆ, ಬಣ್ಣ ನೀಲಿಯಿಂದ ನೇರಳೆಗೆ, ನೇರಳೆಯಿಂದ ಕೆಂಪು ಕಂದಿಗೆ ತಿರುಗುತ್ತದೆ, ಕೊನೆಗೆ ಅಯೋಡಿನ್ನಿನ ಸ್ವಂತ ಹಳದಿ ಮಾತ್ರ ಉಳಿಯುತ್ತದೆ. ಟೈಲ್ಸ್ ಮೇಲೆ ಮಾಡಿದರೆ ಈ ನಾಲ್ಕೂ ಕಾಣುತ್ತವೆ. ಬಿಸಿ ಇರುವಾಗ ಮಾತ್ರ ಅಯೋಡಿನ್ ಹಾಕಿ ನೋಡಬೇಡಿ, ಕಾದ ಪಿಷ್ಟದಲ್ಲಿ ನೀಲಿ ನಿಲ್ಲುವುದಿಲ್ಲ, ಆರಿದ ಮೇಲೆ ತಿರುಗಿ ಬರುತ್ತದೆ.

ಮಾವಿನಕಾಯಿ ಚಿಕ್ಕ ಕಾರಣ ಇರಬಹುದು. ಹುಳಿಯಲ್ಲಿ ಈ ಕಿಣ್ವ ಮಂಕಾಗುತ್ತದೆ. ಬಾಯಿ ಮುಕ್ಕಳಿಸಿ ಐದು ನಿಮಿಷ ಬಿಟ್ಟು ಲಾಲಾರಸ ತೆಗೆಯಿರಿ. ಹುಳಿಯ ಪರಿಣಾಮವನ್ನೇ ತೋರಿಸಬೇಕೆಂದರೆ ಬೇರೊಂದು ಪ್ರನಾಳಕ್ಕೆ ವಿನೆಗರ್ ಹಾಕಿ. ನಿಂಬೆಹಣ್ಣು ಖಂಡಿತ ಬೇಡ. ಅದರಲ್ಲಿರುವ ಸಿ ಜೀವಸತ್ವ ಅಯೋಡಿನ್ನಿನ ಬಣ್ಣವನ್ನೇ ನುಂಗಿಹಾಕುತ್ತದೆ. ಪಿಷ್ಟ ಪೂರ್ತಿ ಇದ್ದರೂ ನೀಲಿ ಕಾಣುವುದಿಲ್ಲ, ಮಕ್ಕಳು ಕಿಣ್ವ ಗೆದ್ದಿತು ಎಂದುಕೊಳ್ಳುತ್ತಾರೆ. ನಾಲ್ಕನೆಯ ಪ್ರನಾಳಕ್ಕೆ ಕುದಿಸಿದ ಲಾಲಾರಸ ಹಾಕಿ. ಗುರುವಾರ ಆದದ್ದು ಏನು ಎಂಬುದಕ್ಕೆ ಅದೇ ಸಾಕ್ಷಿ.

ಆ ಮಗುವಿಗೆ ದಯವಿಟ್ಟು ಹೇಳಿ, ಅವಳ ಲಾಲಾರಸದಲ್ಲಿ ಎಲ್ಲವೂ ಇದೆ.


ಒಬ್ಬ ತಂದೆ

ನನ್ನ ಮಗಳೂ ಹತ್ತನೆಯ ತರಗತಿಯಲ್ಲಿದ್ದಾಳೆ. ಎಂಜಲಿನ ವಿಷಯದಲ್ಲಿ ಟೀಚರ್ ಮಾಡಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಕಳವಳ ಹೇಳಿಕೊಳ್ಳುತ್ತೇನೆ. ಮೈಲಿಗೆಯ ಮಾತಲ್ಲ ನನ್ನದು. ನೆಗಡಿ, ಜ್ವರ ಹರಡುವುದು ಬಾಯಿಯ ನೀರಿನಿಂದಲೇ ಅಲ್ಲವೇ? ನಮ್ಮ ಮನೆಯಲ್ಲಿ ಒಬ್ಬರಿಗೆ ಕ್ಷಯವಾಗಿ ಆರು ತಿಂಗಳು ಔಷಧ ತೆಗೆದುಕೊಂಡಿದ್ದಾರೆ, ಆದ್ದರಿಂದ ಕೇಳುತ್ತಿದ್ದೇನೆ. ಒಬ್ಬರದನ್ನು ಇನ್ನೊಬ್ಬರು ಮುಟ್ಟದ ಹಾಗೆ ಮಾಡಬಹುದೇ?


ನಿವೃತ್ತ ಲ್ಯಾಬ್ ತಂತ್ರಜ್ಞ

ಮಾಡಬಹುದು, ಹಾಗೆಯೇ ಮಾಡಬೇಕು ಸರ್. ಒಂದು ಮಗು, ಒಂದು ಕಾಗದದ ಲೋಟ, ಒಂದು ಡ್ರಾಪರ್. ತನ್ನದನ್ನು ತಾನೇ ಹಾಕಬೇಕು, ತನ್ನ ಪ್ರನಾಳವನ್ನು ತಾನೇ ತೊಳೆಯಬೇಕು. ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ಕರಗಿಸಿದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಸೋಪಿನಲ್ಲಿ ತೊಳೆಯಿರಿ. ಕೆಮ್ಮು, ನೆಗಡಿ ಇರುವ ಮಗು ಆ ದಿನ ಗಡಿಯಾರ ನೋಡುವ ಕೆಲಸ ಮಾಡಲಿ, ಟಿಪ್ಪಣಿ ಬರೆಯಲಿ. ಎಲ್ಲ ಮಕ್ಕಳಿಗೂ ಒಂದೇ ನಿಯಮ ಇಟ್ಟರೆ ಎಂಜಲಿನ ಲೆಕ್ಕಾಚಾರಕ್ಕೂ ಅಲ್ಲಿ ಜಾಗವಿರುವುದಿಲ್ಲ.


ಬಯಲುಸೀಮೆ ಟೀಚರ್

ಎಲ್ಲರಿಗೂ ವಂದನೆಗಳು. ಈ ಶನಿವಾರ ಬೆಳಿಗ್ಗೆ ಮತ್ತೆ ಮಾಡಿದೆವು. ಶನಿವಾರ ಅರ್ಧ ದಿನದ ಶಾಲೆ, ಆದರೂ ಗಂಟೆ ಹೊಡೆದ ಮೇಲೂ ಯಾರೂ ಮನೆಗೆ ಹೊರಡಲಿಲ್ಲ.

ಅಕ್ಕಿ ಹಿಟ್ಟಿನ ತಿಳಿ ಮಾಡಿಕೊಂಡೆ. ಸ್ಟೀಲ್ ಬೋಗುಣಿಯಲ್ಲಿ ಬೆಚ್ಚನೆಯ ನೀರಿಟ್ಟು, ಥರ್ಮಾಮೀಟರ್ ಇಳಿಬಿಟ್ಟು, 37ಕ್ಕೆ ಬಂದ ಮೇಲೆಯೇ ಪ್ರನಾಳಗಳನ್ನು ಅದರಲ್ಲಿ ನಿಲ್ಲಿಸಿದೆವು. ನೀರು ಆರಿದಾಗಲೆಲ್ಲ ಒಬ್ಬ ಹುಡುಗ ಬಿಸಿನೀರು ಸೇರಿಸುತ್ತಿದ್ದ. ಶೌಚಾಲಯ ಕಟ್ಟಿದಾಗ ಮಿಕ್ಕಿದ್ದ ಬಿಳಿ ಟೈಲ್ಸ್ ತುಂಡುಗಳು ಶಾಲೆಯ ಹಿಂದೆ ಬಿದ್ದಿದ್ದವು, ಅವನ್ನು ಉಜ್ಜಿ ತೊಳೆದು ತಂದೆವು. ಗುಂಪಿಗೆ ನಾಲ್ಕು ಪ್ರನಾಳ: ಬರೀ ನೀರು, ಲಾಲಾರಸ, ಕುದಿಸಿದ ಲಾಲಾರಸ, ಲಾಲಾರಸಕ್ಕೆ ವಿನೆಗರ್.

ಆ ಹುಡುಗಿಯ ಟೈಲ್ಸನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಮೊದಲ ಹನಿ, ಕಡುನೀಲಿ. ಎರಡನೆಯದೂ ನೀಲಿಯೇ. ಅವಳ ಮುಖ ಸಣ್ಣದಾಯಿತು. ಮೂರನೆಯ ಹನಿಯ ಅಂಚಿನಲ್ಲಿ ಮಾಗಿದ ನೇರಳೆಹಣ್ಣಿನ ಸಿಪ್ಪೆಯಂಥ ಬಣ್ಣ ಕಾಣಿಸಿತು. ನಾಲ್ಕನೆಯದು ಇಡೀ ನೇರಳೆ. ಐದನೆಯದು ನೆನೆಸಿದ ಹುಣಸೆಹಣ್ಣಿನ ನೀರಿನಂತೆ ಕೆಂಪು ಕಂದು. ಆರನೆಯ ಹನಿ ಬಿದ್ದಾಗ ಏನೂ ಆಗಲಿಲ್ಲ. ಅಯೋಡಿನ್ ಹಳದಿಯಾಗಿಯೇ ಉಳಿಯಿತು. ಅವಳು ಡ್ರಾಪರ್ ಕೆಳಗಿಟ್ಟು, ಇನ್ನೊಂದು ಹನಿ ತೆಗೆದು ಮತ್ತೆ ನೋಡಿದಳು. ಮತ್ತೆ ಹಳದಿ. ಆಮೇಲೆ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಬಹಳ ಕಾಲ ಮರೆಯುವುದಿಲ್ಲ.

ಕುದಿಸಿದ ಲಾಲಾರಸದ ಸಾಲು ಕೊನೆಯವರೆಗೂ ನೀಲಿ, ವಿನೆಗರ್ ಸಾಲೂ ನೀಲಿ. ಲ್ಯಾಬ್ ಸರ್ ಹೇಳಿದ್ದು ಅಕ್ಷರಶಃ ನಿಜವಾಯಿತು.

ಈಗ ಎರಡು ಹೊಸ ಪ್ರಶ್ನೆಗಳು ಹುಟ್ಟಿವೆ. ಒಂದು, ಅವಳದು ಆರು ನಿಮಿಷಕ್ಕೆ ಮುಗಿಯಿತು, ಇನ್ನೊಬ್ಬನದು ಮೂರಕ್ಕೇ ಮುಗಿಯಿತು, ಮತ್ತೊಬ್ಬಳದು ಹದಿನಾಲ್ಕು ನಿಮಿಷ ಹಿಡಿಯಿತು. ಒಂದೇ ತಿಳಿ, ಒಂದೇ ಬೋಗುಣಿ, ಇಷ್ಟು ವ್ಯತ್ಯಾಸ ಯಾಕೆ? ಎರಡು, ಖಾಲಿ ಬಿಟ್ಟಿದ್ದ ಅರ್ಧ ಪುಟದಲ್ಲಿ ಆ ಹುಡುಗಿ ಹೀಗೆ ಬರೆದಿದ್ದಾಳೆ: "ಗುರುವಾರ ಬಿಸಿ ಗಂಜಿಯಲ್ಲಿ ನನ್ನ ಕಿಣ್ವ ಸತ್ತಿತ್ತು." ಕಿಣ್ವಕ್ಕೆ ಜೀವವಿಲ್ಲ, ಸಾಯುವುದೂ ಇಲ್ಲ. ಆದರೆ ಆ ವಾಕ್ಯಕ್ಕೆ ಕೆಂಪು ಗೆರೆ ಎಳೆಯಲು ಕೈ ಬರುತ್ತಿಲ್ಲ. ಏನು ಮಾಡಲಿ?


ನಿವೃತ್ತ ಲ್ಯಾಬ್ ತಂತ್ರಜ್ಞ

ಬಹಳ ಸಂತೋಷವಾಯಿತು ಮೇಡಂ. ಆರನೆಯ ಹನಿಯ ನಂತರ ಏಳನೆಯದನ್ನೂ ಹಾಕಿ ನೋಡಿದಳಲ್ಲ, ಆ ಹುಡುಗಿಗೆ ಲ್ಯಾಬಿನ ಕೈ ಇದೆ.

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅವಳು ಬರೆದ ವಾಕ್ಯದ ಬಗ್ಗೆ ಹತ್ತೊಂಬತ್ತನೆಯ ಶತಮಾನದ ದೊಡ್ಡ ದೊಡ್ಡ ವಿಜ್ಞಾನಿಗಳೇ ಜಗಳವಾಡಿದ್ದಾರೆ. 1833ರಲ್ಲಿ ಪಾಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ಫ್ರೆಂಚರು ಮೊಳೆತ ಬಾರ್ಲಿಯಿಂದ ಪಿಷ್ಟವನ್ನು ಕರಗಿಸುವ ವಸ್ತುವೊಂದನ್ನು ಬೇರ್ಪಡಿಸಿದರು. ಆದರೂ ಹುದುಗುವಿಕೆಯಂಥ ಕೆಲಸಕ್ಕೆ ಜೀವಂತ ಜೀವಕೋಶವೇ ಬೇಕು ಎಂದು ಲೂಯಿ ಪಾಶ್ಚರ್ ಗಟ್ಟಿಯಾಗಿ ನಂಬಿದ್ದರು. 1897ರಲ್ಲಿ ಜರ್ಮನಿಯ ಎಡುವರ್ಡ್ ಬುಖ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ಬರೀ ರಸ ತೆಗೆದರು. ಅದರಲ್ಲಿ ಒಂದೇ ಒಂದು ಜೀವಂತ ಕೋಶ ಇರಲಿಲ್ಲ. ಸಕ್ಕರೆ ಹಾಕಿದಾಗ ಗುಳ್ಳೆ ಎದ್ದಿತು! ಜೀವಕೋಶ ಇಲ್ಲದಿದ್ದರೂ ಅದು ಮಾಡಿಟ್ಟ ಕಿಣ್ವ ಕೆಲಸ ಮಾಡುತ್ತದೆ ಎಂದು ಆಗ ತೀರ್ಮಾನವಾಯಿತು. 1907ರಲ್ಲಿ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು. ನಿಮ್ಮ ಪ್ರನಾಳದಲ್ಲೂ ಆದದ್ದು ಅದೇ. ಕಿಣ್ವವನ್ನು ಮಾಡಿದ ಜೀವಕೋಶಗಳು ಮಕ್ಕಳ ಲಾಲಾಗ್ರಂಥಿಯಲ್ಲೇ ಉಳಿದವು, ಕಿಣ್ವ ಮಾತ್ರ ಗಾಜಿಗೆ ಬಂದು ದುಡಿಯಿತು. ಕೆಂಪು ಗೆರೆ ಬೇಡ. ಪಕ್ಕದಲ್ಲಿ "ಕೆಟ್ಟಿತ್ತು ಎನ್ನೋಣವೇ? ಯಾಕೆ?" ಎಂದು ಬರೆದು ಬುಖ್ನರ್ ಕಥೆ ಹೇಳಿ.

ಆ ಗ್ರಂಥಿಗಳು ಎಲ್ಲಿವೆ ಎಂದು ಮಕ್ಕಳು ಕೇಳಿದರೆ ಮಂಗನಬಾವು ಬಂದಾಗ ಊದಿಕೊಳ್ಳುವ ಜಾಗ ತೋರಿಸಿ, ಕಿವಿಯ ಮುಂಭಾಗ. ಅಲ್ಲಿ ಒಂದು ಜೊತೆ, ದವಡೆಯ ಕೆಳಗೆ ಒಂದು ಜೊತೆ, ನಾಲಿಗೆಯಡಿ ಒಂದು ಜೊತೆ.

ಇನ್ನು ನಿಮಿಷಗಳ ವ್ಯತ್ಯಾಸ. ಬಾಯಲ್ಲಿ ನೀರು ಹೆಚ್ಚು ಊರಿದವರ ಲಾಲಾರಸ ತೆಳುವಾಗಿರುತ್ತದೆ, ಹನಿಯ ಗಾತ್ರವೂ ಏರುಪೇರಾಗುತ್ತದೆ. ಇವು ದೊಡ್ಡ ಕಾರಣಗಳು. ಅದರಾಚೆಗೂ ಒಂದಿದೆ. ಅಮೈಲೇಸ್ ಮಾಡುವ ಜೀನಿನ ಪ್ರತಿಗಳು ಎಲ್ಲರಲ್ಲೂ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ. ಕೆಲವರಲ್ಲಿ ಎರಡೇ, ಕೆಲವರಲ್ಲಿ ಹತ್ತನ್ನೂ ಮೀರಿ ಇರುತ್ತವೆ. ತಲೆಮಾರುಗಳಿಂದ ಪಿಷ್ಟದ ಆಹಾರ ಹೆಚ್ಚಾಗಿ ತಿಂದ ಸಮುದಾಯಗಳಲ್ಲಿ ಸರಾಸರಿ ಹೆಚ್ಚು ಪ್ರತಿಗಳಿವೆ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಇದನ್ನು ಓಟದ ಪಂದ್ಯ ಮಾಡಬೇಡಿ ಮೇಡಂ. ಹದಿನಾಲ್ಕು ನಿಮಿಷದ ಹುಡುಗಿ ತಿಂದ ಮುದ್ದೆ ಜೀರ್ಣವಾಗದೆ ಉಳಿಯುವುದಿಲ್ಲ. ಬಾಯಿಯ ಅಮೈಲೇಸ್ ಶುರು ಮಾಡಿದ್ದನ್ನು ಜಠರದ ಆಮ್ಲ ನಿಲ್ಲಿಸಿಬಿಡುತ್ತದೆ, ಅದಕ್ಕೇ ನಿಮ್ಮ ವಿನೆಗರ್ ಸಾಲು ಸಾಕ್ಷಿ. ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಬಂದು ಉಳಿದ ಬಹುಪಾಲು ಕೆಲಸ ಮಾಡುತ್ತದೆ.


ಮಲೆನಾಡಿನ ಮೇಷ್ಟರು

ಲಾಲಾರಸದ ಲೋಟ ತೊಳೆಯುವ ಮುಂಚೆ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಕೆನ್ನೆಯ ಒಳಪದರದಿಂದ ಉದುರಿದ ಜೀವಕೋಶಗಳು ಅದರಲ್ಲಿ ತೇಲುತ್ತಿರುತ್ತವೆ. ಕೋಶಗಳಿಗೆ ಬಣ್ಣ ಹಿಡಿಸಲು ಮೆಥಿಲೀನ್ ಬ್ಲೂ ಬೇಕಾಗುತ್ತದೆ, ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಕೋಶದ ಅಂಚು ಮಾಸಲು, ನಡುವೆ ಕೋಶಕೇಂದ್ರ ಕಡುನೀಲಿ ಚುಕ್ಕೆ. ಈರುಳ್ಳಿ ಸಿಪ್ಪೆಯ ಕೋಶ ಇಟ್ಟಿಗೆ ಜೋಡಿಸಿದ ಹಾಗೆ ಕಂಡರೆ ಇದು ಮಡಚಿದ ಕಾಗದದ ಚೂರಿನ ಹಾಗೆ ಕಾಣುತ್ತದೆ, ಕೋಶಭಿತ್ತಿ ಇಲ್ಲವಲ್ಲ.


ಮಗುವಿನ ತಾಯಿ

ನಾನು ಟೀಚರ್ ಅಲ್ಲ, ಎಂಟು ತಿಂಗಳ ಮಗುವಿನ ತಾಯಿ. ಮೊಳೆತ ಬಾರ್ಲಿ ಎಂದು ಓದಿದಾಗ ನಮ್ಮ ಅತ್ತೆಯವರು ಮಾಡುವ ರಾಗಿ ಸರಿ ನೆನಪಾಯಿತು. ಬರೀ ರಾಗಿ ಹಿಟ್ಟಿನ ಗಂಜಿ ಆರಿದರೆ ಗಟ್ಟಿಯಾಗುತ್ತದೆ, ಮೊಳಕೆ ರಾಗಿಯದು ಅಷ್ಟೇ ಹಿಟ್ಟು ಹಾಕಿದರೂ ತೆಳ್ಳಗೆ ಇರುತ್ತದೆ, ಮಗು ಸಲೀಸಾಗಿ ನುಂಗುತ್ತದೆ. ಇದೂ ಅಮೈಲೇಸೇ ಏನು?


ನಿವೃತ್ತ ಲ್ಯಾಬ್ ತಂತ್ರಜ್ಞ

ಅದೇ ಅಮ್ಮಾ. ಮೊಳಕೆಗೆ ಎಲೆ ಬಂದು ತಾನೇ ಆಹಾರ ಮಾಡಿಕೊಳ್ಳುವವರೆಗೆ ಕಾಳಿನಲ್ಲಿ ಕೂಡಿಟ್ಟ ಪಿಷ್ಟವೇ ಗತಿ. ಅದನ್ನು ಕರಗಿಸಿಕೊಳ್ಳಲು ಮೊಳೆಯುವ ಕಾಳು ತಾನೇ ಅಮೈಲೇಸ್ ತಯಾರಿಸುತ್ತದೆ. ಟೀಚರ್ ಮೇಡಂ, ನೆಗಡಿ ಬಂದ ಮಕ್ಕಳಿಗೆ ಪ್ರಯೋಗಕ್ಕೆ ಲಾಲಾರಸದ ಬದಲು ಇದನ್ನೇ ಕೊಡಿ. ಮೊಳೆತ ರಾಗಿಯನ್ನು ಹುರಿಯದೆ, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ತಣ್ಣೀರಿನಲ್ಲಿ ನೆನೆಸಿ ಸೋಸಿದರೆ ಸಾಕು. ಹುರಿದರೆ ಗುರುವಾರದ ಗಂಜಿಯ ಕಥೆಯೇ ಆಗುತ್ತದೆ.


ಬಯಲುಸೀಮೆ ಟೀಚರ್

ರಾಗಿ ಬೆಳೆಯುವ ಊರಿನಲ್ಲಿ ಇಷ್ಟು ವರ್ಷ ಪಾಠ ಮಾಡಿದರೂ ಇದು ನನಗೆ ಹೊಳೆದಿರಲಿಲ್ಲ. ಆ ತಾಯಿಗೂ ಅವರ ಅತ್ತೆಯವರಿಗೂ ನಮಸ್ಕಾರ.

ಇವತ್ತು ಸಂಜೆ ಒಂದು ಬೊಗಸೆ ರಾಗಿ ನೆನೆಹಾಕಿದ್ದೇನೆ. ನಾಳೆ ಬೆಳಿಗ್ಗೆ ನೀರು ಬಸಿದು ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿ ಶಾಲೆಗೆ ಒಯ್ಯುತ್ತೇನೆ. ಗಂಟು ಒಣಗದ ಹಾಗೆ ನೀರು ಚಿಮುಕಿಸುವ ಕೆಲಸ ಆ ಎರಡನೆಯ ಬೆಂಚಿನ ಹುಡುಗಿಯದು, ತಾನೇ ಕೇಳಿ ತೆಗೆದುಕೊಂಡಿದ್ದಾಳೆ. ಮೆಥಿಲೀನ್ ಬ್ಲೂ ತರಲು ಭಾನುವಾರ ತುಮಕೂರಿಗೆ ಹೋಗುತ್ತಿದ್ದೇನೆ.